ಮೂರನೇ ಬೋಲ್ಟಿನ ಮೇಲೆ

"ಸಾರಿ" ಎಂದು ಆಕೆ ಅಂದದ್ದೇ ಜಯಕುಮಾರನಿಗೆ ಸರಿಬಂದಿರಲಿಲ್ಲ. ಬೈದಿದ್ದರೆ ಬೈಸಿಕೊಂಡು ಮರೆಯಬಹುದಿತ್ತು. ಜಗಳಕ್ಕೆ ಬಂದಿದ್ದರೆ ಜಗಳವಾಡಿ ಸಂಜೆಗೆ ಒಟ್ಟಿಗೆ ಕೂತು ಕಾಫಿ ಕುಡಿಯಬಹುದಿತ್ತು. ಆದರೆ ಮೈಸೂರಿನ ಈ ಹಲ್ಲಿನ ಡಾಕ್ಟರು, ಸೌಮ್ಯ, ಮುಂದೆ ಚಾಚಿದ ಕೈಯನ್ನು ಕಾದ ಹೆಂಚು ಮುಟ್ಟಿದವಳ ಹಾಗೆ ಹಿಂದಕ್ಕೆಳೆದುಕೊಂಡು ಮೆತ್ತಗೆ "ಸಾರಿ" ಎಂದಿದ್ದಳು, ಅಷ್ಟೆ. ನಿನ್ನೆಯಿಂದ ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ಮಾಂಸದ ಎಳೆಯ ಹಾಗೆ ಕಾಡುತ್ತಿತ್ತು. ಆದದ್ದಾದರೂ ಏನು? ರಾಮನಗರದ ಸುತ್ತಿನ ಬಂಡೆಗಳಿಗೆ ಜನರನ್ನು ಹಗ್ಗ ಕಟ್ಟಿ ಹತ್ತಿಸುವುದು ಜಯಕುಮಾರನ ಕಸುಬು. ಹತ್ತುವವರ ಸೊಂಟಕ್ಕೊಂದು ದಪ್ಪ ಪಟ್ಟಿ, ಆ ಪಟ್ಟಿಗೆ ಹಗ್ಗದ ಗಂಟು. ಪ್ರತಿಯೊಬ್ಬರ ಗಂಟನ್ನೂ ಅವನು ತಾನೇ ಬಗ್ಗಿ ನೋಡಿ, ಎಳೆದು, ಬೆನ್ನು ತಟ್ಟಿ ಕಳಿಸುತ್ತಾನೆ. ಅವನ ಗಂಟನ್ನು ಯಾರೂ ನೋಡುವುದಿಲ್ಲ. ನೋಡಬೇಕು ಅಂತ ಯಾರಿಗೂ ಅನ್ನಿಸಿಯೂ ಇಲ್ಲ. ತೀರ್ಥ ಕೊಡುವ ಪೂಜಾರಿಯನ್ನು ‘ಸ್ನಾನ ಆಯಿತೇ ಸ್ವಾಮಿ’ ಎಂದು ಯಾರಾದರೂ ಕೇಳುತ್ತಾರೆಯೆ? ಈಕೆ ಕೇಳಿದಳು. ಸ್ಪೇನ್ ದೇಶದ ಯಾವುದೋ ದ್ವೀಪದಲ್ಲಿ, ಮೆಡಿಟರೇನಿಯನ್ ಸಮುದ್ರದ ಅಂಚಿನ ಬಂಡೆಗಳನ್ನು ಒಬ್ಬ ಗೈಡಮ್ಮನ ಜೊತೆ ಹತ್ತಿ ಬಂದವಳಂತೆ. ಅಲ್ಲಿ ಪ್ರತಿ ಸಲ ಇಬ್ಬರೂ ಒಬ್ಬರದನ್ನೊಬ್ಬರು ನೋಡಬೇಕಂತೆ, ಗೈಡಾದರೂ ಬಿಡುವಂತಿಲ್ಲವಂತೆ. ಹಾಗೆಂದು ಹೇಳುತ್ತಲೇ ಅವನ ಸೊಂಟದ ಗಂಟಿಗೆ ಕೈ ಚಾಚಿದಳು. ಅವನು ಹಿಂದೆ ಸರಿದ. ಮೇಲಿನ ಗುಂಡಿನ ಮೇಲೆ ಮೇಕೆ ಮೇಯಿಸುತ್ತ ಸಿದ್ದಮ್ಮ ಕೂತಿದ್ದಳು, ಅವನ ತಾಯಿಯ ವಾರಗೆಯವಳು. ಊರಿಗೆ ಸುದ್ದಿ ಮುಟ್ಟಿಸುವುದಕ್ಕೆ ಆಕೆಗೆ ಫೋನು ಬೇಕಿಲ್ಲ. ಆಕೆಯ ಕಣ್ಣೆದುರಿಗೆ ಪರಸ್ಥಳದ ಹೆಂಗಸೊಬ್ಬಳು ತನ್ನ ಸೊಂಟಕ್ಕೆ ಕೈ ಹಾಕುವುದೆಂದರೆ! "ನಂದೇನು ನೋಡೋದು ಮೇಡಂ, ನಾನು ಹುಟ್ಟಿರೋದೇ ಈ ಬಂಡೆ ಮ್ಯಾಲೆ" ಎಂದು ಅವನು ಗಟ್ಟಿಯಾಗಿ ನಕ್ಕ. ಸಿದ್ದಮ್ಮನೂ ನಕ್ಕಳು. ಆಗ ಆಕೆ ಆ ಮಾತು ಅಂದದ್ದು.

ಹುಟ್ಟಿದ್ದು ಬಂಡೆಯ ಮೇಲಲ್ಲ, ಚನ್ನಪಟ್ಟಣದ ಆಸ್ಪತ್ರೆಯಲ್ಲಿ. ಅದೂ ಅವನಿಗೆ ಆಮೇಲೆ ಹೊಳೆದು ಇನ್ನಷ್ಟು ಕಸಿವಿಸಿಯಾಗಿತ್ತು.

ಇವತ್ತು ಎರಡನೆಯ ದಿನ. ಬೆಳಿಗ್ಗೆ ಹೊರಡುವಾಗ ಹೆಂಡತಿ ಭಾನುಪ್ರಿಯ ರೇಷ್ಮೆ ಹುಳುವಿನ ಮನೆಯ ಬಾಗಿಲಲ್ಲಿ ಹಿಪ್ಪುನೇರಳೆ ಸೊಪ್ಪಿನ ಕಂತೆ ಹಿಡಿದು ನಿಂತು ಏನೋ ಹೇಳುವುದರಲ್ಲಿದ್ದಳು. ಅವನು ಬೈಕು ಸ್ಟಾರ್ಟ್ ಮಾಡಿದ್ದ, ಅವಳು ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಅವನ ಮನೆಯಲ್ಲಿ ಹೆಚ್ಚು ಮಾತಿಲ್ಲ. ಅದನ್ನು ಅವನು ಮರ್ಯಾದೆ ಎಂದುಕೊಂಡಿದ್ದಾನೆ. ಸ್ಟೇಷನ್ನಿನ ಹತ್ತಿರ ಡಾಕ್ಟರನ್ನು ಹತ್ತಿಸಿಕೊಂಡು, ಹೆದ್ದಾರಿ ಬಿಟ್ಟು ಮಣ್ಣುದಾರಿಗೆ ಇಳಿದು, ಹುರುಳಿ ಹೊಲದ ಬದುವಿನ ಮೇಲೆ ಇಬ್ಬರೂ ಒಲೆಗುಂಡಿನ ಬೆಟ್ಟದ ಕಡೆ ನಡೆದರು. ಆಕೆ ಸಮುದ್ರದ ವಿಷಯ ಹೇಳುತ್ತಿದ್ದಳು. ಅಲ್ಲಿ ಬಂಡೆಯ ಬುಡದಲ್ಲಿ ನೆಲವೇ ಇಲ್ಲ, ನೀಲಿ ನೀರು. ಅಲೆ ಬಂದು ಹೊಡೆದಾಗ ಬಂಡೆಯೊಳಗಿನ ಗವಿಗಳು ಗುಮ್ಮೆನ್ನುತ್ತವೆ, ಆ ಸದ್ದು ಅಂಗೈಗೆ ಬರುತ್ತದೆ. ಕೆಲವರು ಹಗ್ಗವೇ ಇಲ್ಲದೆ ಹತ್ತುತ್ತಾರೆ, ಬಿದ್ದರೆ ನೀರಿಗೆ ಬಿದ್ದು ಈಜಿ ಬರುತ್ತಾರೆ. ಅವರ ಗೈಡು ಅರವತ್ತು ದಾಟಿದ ಹೆಂಗಸು, ಬೆಳ್ಳಗೆ ಕೂದಲು, ಬಿಸಿಲಿಗೆ ಸುಟ್ಟ ಮುಖ. "ಯಾವ ಥರ ಬಂಡೆ ಅದು?" ಎಂದು ಜಯಕುಮಾರ ಕೇಳಿದ. "ಸುಣ್ಣದ ಕಲ್ಲು. ತೂತು ತೂತು, ಎಲ್ಲಿ ಬೇಕಾದರೂ ಬೆರಳು ತೂರಿಸಬಹುದು." ಅವನಿಗೆ ಒಂದಿಷ್ಟು ಸಮಾಧಾನವಾಯಿತು. ಸುಣ್ಣದ ಕಲ್ಲು! ಎಲೆ ಅಡಿಕೆಗೆ ಹಚ್ಚಿಕೊಳ್ಳುವುದು. ಅದನ್ನು ಯಾರು ಬೇಕಾದರೂ ಹತ್ತಬಹುದು. ಹಾಗೆಂದುಕೊಂಡರೂ ಅವನು ದಾರಿಯುದ್ದಕ್ಕೂ ಹುರುಳಿ ಹೊಲವನ್ನು ಅಳಿಸಿ ಅಲ್ಲಿ ನೀಲಿ ನೀರು ತುಂಬಲು ನೋಡುತ್ತಿದ್ದ. ಸಮುದ್ರವನ್ನು ಅವನು ಒಂದೇ ಒಂದು ಸಲ ನೋಡಿದ್ದು, ಅದೂ ಬಸ್ಸಿನ ಕಿಟಕಿಯಿಂದ. ತುಂಬಿಸಿದ ನೀರು ನಿಲ್ಲಲಿಲ್ಲ. ಬೈರಮಂಗಲದ ಕೆರೆಯ ಹಾಗೆ ನೊರೆ ನೊರೆಯಾಗಿ ಕಂಡು ಅಳಿಸಿಹೋಯಿತು.

ಒಲೆಗುಂಡಿನ ಬುಡದಲ್ಲಿ ಒಂದು ಕುಂಕುಮದ ಕಲ್ಲು ಇದೆ, ಬಂಡಮ್ಮ. ಗುಡಿಯಿಲ್ಲ, ಗೋಪುರವಿಲ್ಲ. ಆ ಕಲ್ಲಿನಿಂದಾಚೆಗೆ ಯಾರೂ ಮೆಟ್ಟು ಹಾಕಿ ತಿರುಗುವಂತಿಲ್ಲ ಎನ್ನುವುದೊಂದೇ ಅದರ ಕಾನೂನು. ಹಾಗಾಗಿ ಜಯಕುಮಾರನಿಗೆ ಒಂದು ಕ್ರಮ ಬಿದ್ದುಹೋಗಿದೆ: ಬರಿಗಾಲಲ್ಲಿ ಕೂತು ಹಗ್ಗದ ಗಂಟು ಹಾಕಿಕೊಳ್ಳುತ್ತಾನೆ, ಎದ್ದು ಬಂಡಮ್ಮನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ, ಆಮೇಲೆ ಬಂಡೆಗೆ ಅಂಟಿಕೊಂಡೇ ನಿಂತು ಹತ್ತುವ ಬೂಟು ಹಾಕಿಕೊಂಡು ನೇರ ಹತ್ತಿಬಿಡುತ್ತಾನೆ. ಗಂಟು, ಬಂಡಮ್ಮ, ಬೂಟು. ಇವತ್ತೂ ಅದೇ. ಗಂಟು ಎರಡು ಸಲಕ್ಕೆ ಆಗುವ ಗಂಟು. ಮೊದಲು ಹಗ್ಗದಲ್ಲೇ ಒಂದು ಎಂಟರ ಆಕಾರ ಮಾಡಬೇಕು, ತುದಿಯನ್ನು ಸೊಂಟದ ಪಟ್ಟಿಯೊಳಗೆ ತೂರಿಸಬೇಕು, ಆಮೇಲೆ ಆ ತುದಿ ಬಂದ ದಾರಿಯಲ್ಲೇ ವಾಪಸು ಹೋಗಿ ಎಂಟನ್ನು ಇನ್ನೊಮ್ಮೆ ಬರೆಯಬೇಕು. ಅವನು ಎಂಟು ಮಾಡಿ, ತುದಿಯನ್ನು ಪಟ್ಟಿಯೊಳಗೆ ತೂರಿಸಿದ್ದ. ಅಷ್ಟರಲ್ಲಿ ಮೇಲಿನಿಂದ ಸಿದ್ದಮ್ಮನ ಗಂಟಲು.

"ಏ ಅವ್ವಾ! ಮೆಟ್ಟು ಬುಡವ್ವೋ! ಅಮ್ಮ ಐತೆ ಅಲ್ಲಿ! ಲೇ ಜಯಾ, ಯೋಳ್ಬಾರ್ದೇನ್ಲಾ ಆ ಎಂಗ್ಸಿಗೆ?"

ನೋಡಿದರೆ ಡಾಕ್ಟರು ಬೂಟುಗಾಲಿನಲ್ಲಿ ಬಂಡಮ್ಮನ ಪಕ್ಕಕ್ಕೇ ನಿಂತು ಬೆಟ್ಟದ ಫೋಟೋ ತೆಗೆಯುತ್ತಿದ್ದಾಳೆ. ಜಯಕುಮಾರ ಹಗ್ಗದ ತುದಿ ಎಳೆದಾಡದ ಹಾಗೆ ಅದನ್ನು ಪ್ಯಾಂಟಿನ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಓಡಿದ. "ಸಾರಿ, ಸಾರಿ" ಎಂದಳು ಆಕೆ, ಈ ಸಲ ಎರಡು ಬಾರಿ, ಬೂಟು ಕಳಚಲು ಒಂಟಿಕಾಲಿನಲ್ಲಿ ಕುಪ್ಪಳಿಸುತ್ತ. ಮತ್ತೆ ಅದೇ ಮಾತು. ಅವನ ಕಿವಿ ಬಿಸಿಯಾಯಿತು. ಬಂಡಮ್ಮನ ಹತ್ತಿರಕ್ಕೆ ಹೇಗೂ ಬಂದಿದ್ದನಲ್ಲ, ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡ. ಕಣ್ಣಿಗೊತ್ತಿಕೊಂಡ ಮೇಲೆ ಬೂಟು. ಕೈ ತನ್ನಷ್ಟಕ್ಕೆ ಬೂಟಿಗೆ ಹೋಯಿತು. ಆಕೆ ಅವನ ಹಗ್ಗವನ್ನು ತನ್ನ ಪಟ್ಟಿಗಿದ್ದ ಹಗ್ಗ ಹಿಡಿಯುವ ಸಾಧನದೊಳಗೆ ಹಾಕಿಕೊಂಡು ಕೆಳಗೆ ನಿಂತಳು. ಅವನು ಆಕೆಯದನ್ನೆಲ್ಲ ಪರೀಕ್ಷಿಸಿದ. ಹತ್ತುತ್ತೇನೆ ಎಂದಾಗ ಆಕೆ ಬಾಯಿ ತೆರೆದು ಏನೋ ಹೇಳುವವಳ ಹಾಗೆ ಮಾಡಿ ಕನ್ನಡಕ ಸರಿಪಡಿಸಿಕೊಂಡಳು. ಇನ್ನೊಂದು "ಸಾರಿ"ಗೆ ಕಾಯುವುದಕ್ಕೆ ಅವನು ಸಿದ್ಧನಿರಲಿಲ್ಲ. ಬಂಡೆಗೆ ಮುಖ ತಿರುಗಿಸಿದ.

ಒಲೆಗುಂಡಿನ ಈ ಮೈ ನೆಟ್ಟಗೆ ನಿಂತದ್ದಲ್ಲ, ಸ್ವಲ್ಪ ಮಲಗಿದ ಹಾಗಿದೆ. ಆದರೆ ಹಿಡಿಯುವುದಕ್ಕೆ ಏನೂ ಇಲ್ಲ. ಅಂಗಾಲನ್ನು ಕಲ್ಲಿಗೆ ಒತ್ತಿ, ಅಂಟುತ್ತದೆ ಎಂದು ನಂಬಿ ನಿಲ್ಲಬೇಕು. ಬಂಡೆಗೆ ಹೊಡೆದ ಬೋಲ್ಟುಗಳು ದೂರ ದೂರ ಇವೆ. ಒಂದೊಂದಕ್ಕೂ ಕೊಂಡಿ ಹಾಕಿ ಅದರೊಳಗೆ ಹಗ್ಗ ಸೇರಿಸಿಕೊಂಡು ಹೋಗಬೇಕು. ಜಾರಿದರೆ, ಕಡೆಯ ಕೊಂಡಿಯ ಕೆಳಗೆ ಎಲ್ಲೋ ಹಗ್ಗ ಹಿಡಿದು ನಿಲ್ಲಿಸುತ್ತದೆ. ಕಾಲು ಕಲ್ಲಿಗೆ ತಾಗಿದ ಮೇಲೆ ಅವನ ತಲೆ ಖಾಲಿಯಾಯಿತು. ಅದಕ್ಕೇ ಅಲ್ಲವೆ ಅವನು ಈ ಕಸುಬಿಗೆ ಬಿದ್ದದ್ದು. ಬಂಡೆಯ ಮೇಲೆ ಯಾರಿಗೂ ಏನೂ ಹೇಳಬೇಕಾಗಿಲ್ಲ, ಯಾರೂ ಏನೂ ಕೇಳುವುದಿಲ್ಲ. ಮೊದಲ ಬೋಲ್ಟು, ಎರಡನೆಯದು, ಮೂರನೆಯದು. ಪ್ರತಿ ಸಲ ಹಗ್ಗ ಎಳೆದುಕೊಳ್ಳುವಾಗ ಹೊಟ್ಟೆಯ ಕೆಳಗೆ ಕೈಗೆ ಗಂಟು ಸಿಕ್ಕುತ್ತಿತ್ತು. ಅರ್ಧ ಗಂಟು ಎಂದು ಕೈಗೆ ತಿಳಿಯಲಿಲ್ಲ. ಮೂರನೆಯದನ್ನು ದಾಟಿ ಎರಡಾಳು ಎತ್ತರ ಹೋದ ಮೇಲೆ, ಎಡಗೈಯ ಬೆರಳುಗಳನ್ನು ಒಂದು ಹರಳಿನ ಮೇಲಿಟ್ಟು, ಬಲಗಾಲು ಎಲ್ಲಿಡಲಿ ಎಂದು ಕೆಳಗೆ ನೋಡಿದ. ಗಂಟು ಅವನ ಮೊಣಕಾಲಿನ ಹತ್ತಿರ ತೂಗುತ್ತಿತ್ತು.

ಮೊದಲು ಅವನಿಗೆ ಅದು ಬೇರೆ ಯಾರದೋ ಗಂಟು ಅನ್ನಿಸಿತು. ಇಲ್ಲಿ ಇದ್ಯಾಕೆ ಬಂತು ಎಂದು ಒಂದು ಕ್ಷಣ ಬೇಸರಪಟ್ಟ, ಮನೆಯ ನಡುವೆ ಯಾರೋ ಬಿಟ್ಟುಹೋದ ಚಪ್ಪಲಿ ನೋಡಿದ ಹಾಗೆ. ಆಮೇಲೆ ತನ್ನ ಸೊಂಟ ನೋಡಿಕೊಂಡ. ತುದಿ ಸೊಂಟದ ಪಟ್ಟಿಯೊಳಗಿಂದ ಸುಮ್ಮನೆ ಹಾದುಹೋಗಿತ್ತು, ಎಲ್ಲಿಗೂ ವಾಪಸು ಬಂದಿರಲಿಲ್ಲ. ಪ್ಯಾಂಟಿಗೆ ಸಿಕ್ಕಿಸಿದ್ದ ಭಾಗ ಹೊರಬಂದು ಒಂದು ಗೇಣು ಉಳಿದಿತ್ತು. ಹಗ್ಗದ್ದೇ ಭಾರ ಅದನ್ನು ಎಳೆಯುತ್ತಿತ್ತು. ನೋಡುತ್ತಿದ್ದ ಹಾಗೆಯೇ ಕೆಳಗಿನಿಂದ ಡಾಕ್ಟರು, ಒಳ್ಳೆಯ ವಿದ್ಯಾರ್ಥಿನಿಯ ಹಾಗೆ, ಸಡಿಲವಾದ ಹಗ್ಗವನ್ನು ಒಂದಿಷ್ಟು ಎಳೆದುಕೊಂಡಳು. ಗೇಣಿನಲ್ಲಿ ಎರಡು ಬೆರಳಷ್ಟು ಹೋಯಿತು.

ಆಕೆ ಮಾಡುತ್ತಿದ್ದದ್ದು ಸರಿಯಾಗಿಯೇ ಇತ್ತು, ಅದೇ ತಮಾಷೆ. ಮೂರನೇ ಬೋಲ್ಟಿನ ಕೆಳಗೆ ಒಂದು ಚಪ್ಪಡಿ ಹೊರಚಾಚಿಕೊಂಡಿದೆ. ಇಲ್ಲಿ ಜಾರಿದವನನ್ನು ಹಗ್ಗ ಬಿಗಿಯಾಗಿ ಹಿಡಿಯದಿದ್ದರೆ ಕಾಲು ಮುರಿಯುವುದು ಖಂಡಿತ. ನಿನ್ನೆ ಪಕ್ಕದ ಬಂಡೆಯಿಂದ ಅವನೇ ಇತ್ತ ಕೈ ತೋರಿಸಿ ಹೇಳಿದ್ದ, ಮೂರು ದಾಟಿದ ಮೇಲೆ ನಾಲ್ಕು ಸೇರುವ ತನಕ ಸಡಿಲ ಬಿಡಬೇಡಿ, ನಾನು ಕೇಳಿದರೂ ಬಿಡಬೇಡಿ ಎಂದು. ಎಷ್ಟು ಗತ್ತಿನಿಂದ ಹೇಳಿದ್ದ! ಈಗ ಆಕೆಯ ಜಾಣತನವೇ ಹಗ್ಗವನ್ನು ಅವನ ಸೊಂಟದಿಂದ ಬಿಡಿಸುತ್ತಿತ್ತು. ಕೆಳಗೆ ನೀಲಿ ನೀರಿಲ್ಲ. ಚಪ್ಪಡಿ, ಅದರಾಚೆ ಲಂಟಾನದ ಪೊದೆ, ಪೊದೆಯಾಚೆ ಹುರುಳಿ. ಈಜಿ ಬರುವ ಮಾತಿಲ್ಲ. ಎರಡು ಕೈಯೂ ಬಿಡುವಾಗಿದ್ದರೆ ಗಂಟು ಹಾಕುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಆದರೆ ಇಲ್ಲಿ ಎಡಗೈ ಹರಳು ಬಿಟ್ಟರೆ ಮೈ ಹಿಂದಕ್ಕೆ ಹೋಗುತ್ತದೆ. ಇಳಿಯುವಂತಿಲ್ಲ, ಈ ಕಲ್ಲಿನಲ್ಲಿ ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಇರುವುದು ಒಂದೇ: ನಾಲ್ಕನೇ ಬೋಲ್ಟು ಮುಟ್ಟುವುದು, ಸೊಂಟದ ಪಟ್ಟಿಯನ್ನು ಕೊಂಡಿಯಿಂದ ನೇರ ಅದಕ್ಕೇ ಸಿಕ್ಕಿಸಿ ಕೂರುವುದು, ಆಮೇಲೆ ನಿಧಾನವಾಗಿ ಗಂಟು ಹಾಕಿಕೊಳ್ಳುವುದು. ಯಾರಿಗೂ ತಿಳಿಯುವುದಿಲ್ಲ. ದಣಿವಾರಿಸಿಕೊಳ್ಳುತ್ತಿದ್ದೇನೆ ಎಂದರಾಯಿತು. ಯಾರಿಗೂ ತಿಳಿಯುವುದಿಲ್ಲ ಎನ್ನುವುದು ಹೊಳೆದದ್ದೇ ಅವನಿಗೆ ಎಂಥ ಖುಷಿಯಾಯಿತೆಂದರೆ, ಪ್ರಾಣ ಉಳಿದರೂ ಅಷ್ಟು ಖುಷಿಯಾಗುತ್ತಿತ್ತೋ ಇಲ್ಲವೋ.

"ಮೇಡಂ," ಎಂದ, ಆದಷ್ಟು ಸಲೀಸಾಗಿ. "ಒಸಿ ಲೂಸ್ ಬುಡಿ."

"ಇಲ್ಲಿ ಬಿಗಿಯಾಗಿರ್ಬೇಕು ಅಂದಿದ್ರಿ."

"ಅಂದಿದ್ದೆ. ಈಗ ಬುಡಿ."

"ನೀವು ಕೇಳಿದ್ರೂ ಬಿಡಬೇಡಿ ಅಂದಿದ್ರಲ್ಲ ಜಯಕುಮಾರ್? ಚಪ್ಪಡಿ ಇದೆ."

ಮೇಲಿನ ಗುಂಡಿನಿಂದ ಸಿದ್ದಮ್ಮ ಕಿಸಕ್ಕೆಂದಳು. "ಪಾಠ ಚೆಂದಾಗೇ ಕಲ್ಸಿದ್ದೀಯ ಕಣ್ಲಾ!"

ಅವನು ನಗಲು ನೋಡಿದ. ನಗೆ ಬಂತೋ ಇಲ್ಲವೋ ಕೆಳಗಿನವರಿಗೆ ಕಾಣುವಂತಿರಲಿಲ್ಲ. ಸರಿ, ಆಕೆ ಬಿಡದಿದ್ದರೆ ಬೇಡ, ಒಂದು ಹೆಜ್ಜೆ ಮೇಲಿಡೋಣ, ಹತ್ತಿದರೆ ಹಗ್ಗ ಕೊಡಲೇಬೇಕಲ್ಲ ಎಂದು ಬಲಗಾಲನ್ನು ಎತ್ತಿ ಒತ್ತಿದ. ಮೈ ಮೇಲೇರಿತು. ಹಗ್ಗ ಕೊಡುವುದರಲ್ಲಿ ಆಕೆ ಒಂದು ಉಸಿರಿನಷ್ಟು ತಡಮಾಡಿದಳು. ಬಿಗಿಯಾದ ಹಗ್ಗ ಸೊಂಟದ ಪಟ್ಟಿಯನ್ನು ಜಗ್ಗಿತು, ಪಟ್ಟಿಯೊಳಗೆ ಸರ್ರೆಂದು ಏನೋ ಜಾರಿತು. ನೋಡಿದ. ಉಳಿದದ್ದು ಹೆಬ್ಬೆರಳಿನಷ್ಟು ತುದಿ.

ಬಲಗಾಲು ನಡುಗಲು ಶುರುವಾಯಿತು. ಗಿರಾಕಿಗಳಿಗೆ ಹೀಗಾದಾಗ ಅವನು ಕೆಳಗಿನಿಂದ ಕೂಗುತ್ತಾನೆ, ಹೊಲಿಗೆ ಮಿಷನ್ನು ನಿಲ್ಸಿ, ಹಿಮ್ಮಡಿ ಇಳಿಸಿ, ಉಸಿರು ಬಿಡಿ ಎಂದು. ಈಗ ಹಿಮ್ಮಡಿ ಇಳಿಸಿದ. ನಿಲ್ಲಲಿಲ್ಲ. ಆಗ, ಎಲ್ಲ ಬಿಟ್ಟು, ಅಪ್ಪ ಬೋರಲಿಂಗಯ್ಯನ ಬೆನ್ನು ಕಣ್ಣೆದುರಿಗೆ ಬಂತು. ಹೊಂಗನೂರಿಗೆ ಹೆಣ್ಣು ನೋಡಲು ಹೋಗಿದ್ದರು, ಚಿಕ್ಕಪ್ಪನಿಗೆ. ಅಪ್ಪ ಕರಿಕೋಟು ಹಾಕಿಕೊಂಡು ಹೋದವನು ಆಗತಾನೆ ಸುಣ್ಣ ಬಳಿದಿದ್ದ ಗೋಡೆಗೆ ಒರಗಿ ಕೂತ. ಎದ್ದಾಗ ಬೆನ್ನಿಗೆ ಬೆನ್ನೇ ಬೆಳ್ಳಗೆ. ಹಾಗೆಯೇ ಅಪ್ಪ ಮಾತುಕತೆ ನಡೆಸಿದ, ಊಟ ಮಾಡಿದ, ಹೆಣ್ಣಿನ ಕಡೆಯವರ ತೋಟ ನೋಡಲು ಊರ ಬೀದಿಯಲ್ಲೆಲ್ಲ ಗತ್ತಿನಿಂದ ನಡೆದ. ಹಿಂದೆ ನಡೆಯುತ್ತಿದ್ದ ಇಪ್ಪತ್ತು ಜನರಲ್ಲಿ ಒಬ್ಬರೂ ಹೇಳಲಿಲ್ಲ. ಅವ್ವ ಹೇಳಲಿಲ್ಲ. ಹುಡುಗ ಜಯಕುಮಾರನೂ ಹೇಳಲಿಲ್ಲ. ಬೋರಲಿಂಗಯ್ಯನಿಗೆ ‘ನಿನ್ನ ಬೆನ್ನು ನೋಡಿಕೋ’ ಎಂದು ಹೇಳುವವರು ಭೂಮಿಯ ಮೇಲೆ ಇರಲಿಲ್ಲ. ಮನೆಗೆ ಬಂದು ಕೋಟು ಬಿಚ್ಚಿ ನೋಡಿದವನು ಬೈಯಲಿಲ್ಲ, ಹೊಡೆಯಲಿಲ್ಲ. ಕೋಟನ್ನು ತೊಡೆಯ ಮೇಲಿಟ್ಟುಕೊಂಡು, "ಯಾರೂ ಯೋಳ್ನಿಲ್ವಲ್ಲ" ಎಂದು ಒಂದೇ ಮಾತು ಅಂದ. ಆ ಮಾತು ಯಾರಿಗೆ ಅಂದದ್ದು? ಕೇಳಿದ ಹುಡುಗನಿಗೆ ಅಪ್ಪನ ಮೇಲೆ ಕನಿಕರ ಬಂದಿತ್ತೋ, ಒಳಗೊಳಗೇ ನಗು ಬಂದಿತ್ತೋ. ಎರಡೂ ಬಂದಿದ್ದವು. ಈಗ ಬಂಡೆಗೆ ಕೆನ್ನೆ ಒತ್ತಿ ನಿಂತವನಿಗೆ ನಗುವೂ ಬರಲಿಲ್ಲ, ಕನಿಕರವೂ ಬರಲಿಲ್ಲ. ತನ್ನ ಬೆನ್ನ ಹಿಂದೆ ಯಾರು ಯಾರು ಏನೇನು ನೋಡಿಕೊಂಡು ಸುಮ್ಮನೆ ನಡೆದು ಬರುತ್ತಿದ್ದಾರೋ ಎಂದು ಭಯವಾಯಿತು. ಸಾಯುವ ಭಯ ಅಲ್ಲ. ಅದು ಇದರ ಮುಂದೆ ಚಿಕ್ಕದಾಗಿ, ಒಂದು ಪಕ್ಕಕ್ಕೆ, ತನ್ನ ಸರದಿಗೆ ಕಾಯುತ್ತ ನಿಂತಿತ್ತು.

ಹೇಳಬೇಕು. ಒಂದು ವಾಕ್ಯ. ಕನ್ನಡದಲ್ಲೇ ಹೇಳಬಹುದು, ಸ್ಪೇನಿನ ಭಾಷೆಯೇನೂ ಬೇಡ. ಹೇಳಿದರೆ ಆಕೆ ಹಗ್ಗ ಸಡಿಲ ಬಿಡುತ್ತಾಳೆ, ಒಂದು ಮಾರು ಹಗ್ಗ ಎಳೆದು ಹಲ್ಲಿನಲ್ಲಿ ಕಚ್ಚಿಕೊಂಡು ಎರಡು ಹೆಜ್ಜೆ ಹತ್ತಿದರೆ ಬೋಲ್ಟು. ಹೇಳದಿದ್ದರೆ ಆಕೆ ಇನ್ನೊಂದು ಸಲ ಎಳೆದುಕೊಳ್ಳುತ್ತಾಳೆ. ಹೆಬ್ಬೆರಳಿನಷ್ಟು ತುದಿ ಹೋಗುತ್ತದೆ. ಹಗ್ಗ ಎಲ್ಲರೆದುರಿಗೂ ಬಂಡೆಯ ಮೇಲೆ ಹಾವಿನ ಹಾಗೆ ಹರಿದು ಹೋಗುತ್ತದೆ. ಆಗ ಹೇಳಬೇಕಾದ್ದೇ ಇರುವುದಿಲ್ಲ. ಇಷ್ಟೆಲ್ಲ ಸ್ಪಷ್ಟವಾಗಿ ಗೊತ್ತಿದ್ದೂ ಅವನ ನಾಲಿಗೆ ಬೇರೆ ಬೇರೆ ವಾಕ್ಯಗಳನ್ನು ಹುಡುಕುತ್ತಿತ್ತು. ಪಟ್ಟಿ ಕಿತ್ತುಹೋಗಿದೆ ಎನ್ನಲೇ? ಹಗ್ಗ ಸವೆದಿದೆ ಎನ್ನಲೇ? ಕಂಪನಿಯ ತಪ್ಪು, ಹಗ್ಗದ ತಪ್ಪು, ಬಂಡೆಯ ತಪ್ಪು. ಪ್ರಾಣ ಕೈಯಲ್ಲಿ ಹಿಡಿದುಕೊಂಡು ಇವನು ಸುಳ್ಳಿನ ಅಂಗಡಿಯಲ್ಲಿ ಚೌಕಾಸಿ ಮಾಡುತ್ತಿದ್ದಾನಲ್ಲ ಎಂದು ಅವನಿಗೇ ತನ್ನ ಮೇಲೆ ಹೇಸಿಗೆಯಾಯಿತು. ಆ ಹೇಸಿಗೆಯ ಮೇಲೆಯೇ ಮಾತು ಹೊರಟಿತು.

"ಡಾಕ್ಟ್ರೇ. ನಾನು ಗಂಟು ಹಾಕಿಲ್ಲ."

ಉಸಿರು ತೆಗೆದುಕೊಂಡು ಉಳಿದದ್ದನ್ನೂ ಹೇಳಿದ.

"ಅರ್ಧ ಹಾಕಿ ಮರ್ತುಬುಟ್ಟೆ. ನೀವು ಎಳುದ್ರೆ ಹಗ್ಗ ಬಂದ್ಬುಡ್ತದೆ. ಎಳೀಬ್ಯಾಡಿ."

"ಏನಂತೆ?" ಎಂದು ಸಿದ್ದಮ್ಮ ಕೇಳಿದ್ದು ಕೇಳಿಸಿತು. ಸಿದ್ದಮ್ಮನಿಗೆ ತಾನಾಗಿಯೇ ಅರ್ಥವಾಯಿತು. "ಅಯ್ಯೋ ನಿನ್ ಮನೆ ಕಾಯೋಗ..." ಎಂದು ಶುರುಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ಆಕೆ ಬೈಗುಳವನ್ನು ಅರ್ಧಕ್ಕೆ ನಿಲ್ಲಿಸಿದ್ದನ್ನು ಊರಿನಲ್ಲಿ ಯಾರೂ ಕೇಳಿರಲಿಕ್ಕಿಲ್ಲ.

ಹಗ್ಗ ಸಡಿಲವಾಯಿತು. ಅವನು ನೋಡದೆಯೇ ತಿಳಿದುಕೊಂಡ. ಸೊಂಟದ ಮೇಲಿದ್ದ ಜಗ್ಗುವಿಕೆ ಮಾಯವಾಯಿತು. ಮೊಣಕಾಲಿನ ಕೆಳಗೆ ಹಗ್ಗ ಬಾಗಿ ಬಂಡೆಗೆ ತಾಗಿತು. ಬಲಗೈಯಿಂದ ಮೆಲ್ಲಗೆ ಮೇಲೆಳೆದು ಹಲ್ಲಿಗೆ ಕೊಟ್ಟ. ಬಾಯಿಯ ತುಂಬ ಮಣ್ಣು, ಬೆವರು, ಮೇಕೆಯ ವಾಸನೆ. ಈಗ ಬಿದ್ದರೆ ಹಗ್ಗ ಇದ್ದೂ ಇಲ್ಲ ಎನ್ನುವುದು ಮೂವರಿಗೂ ಗೊತ್ತಿತ್ತು. ವಿಚಿತ್ರವೆಂದರೆ ಕಾಲು ನಡುಗುವುದು ನಿಂತಿತ್ತು. ಹೇಳಿಯಾದ ಮೇಲೆ ಬಂಡೆ ಬಂಡೆಯಷ್ಟೇ ಆಗಿತ್ತು. ಅದರ ಹರಳುಗಳು, ಒಂದು ಕಪ್ಪು ಗೆರೆ, ಹೋದ ಮಳೆಗಾಲದಲ್ಲಿ ಬೆಳೆದು ಒಣಗಿದ ಪಾಚಿಯ ಮಚ್ಚೆ, ಎಲ್ಲ ತಮ್ಮ ತಮ್ಮ ಜಾಗದಲ್ಲಿ ಸುಮ್ಮನಿದ್ದವು. ಎಡಗಾಲು. ಬಲಗಾಲು. ಎಲ್ಲೋ ಒಂದು ಮೇಕೆ ಕೆಮ್ಮಿತು. ಕೈ ಬೋಲ್ಟಿಗೆ ತಾಗಿತು. ಕೊಂಡಿಯ ಒಂದು ಬಾಯಿ ಬೋಲ್ಟಿಗೆ, ಇನ್ನೊಂದು ಬಾಯಿ ಸೊಂಟದ ಪಟ್ಟಿಗೆ. ಕಟಕ್ಕೆಂದ ಸದ್ದು ಕೇಳಿ ಅವನು ಕೂತ. ಪಟ್ಟಿ ಸೊಂಟಕ್ಕೆ ಕಚ್ಚಿ ಅವನನ್ನು ಹಿಡಿದುಕೊಂಡಿತು. ಹಗ್ಗವನ್ನು ಬಾಯಿಂದ ಕೈಗೆ ತೆಗೆದುಕೊಂಡು ಗಂಟು ಹಾಕಿದ. ಸರಿಯೆನ್ನಿಸಲಿಲ್ಲ. ಬಿಚ್ಚಿ ಮತ್ತೆ ಹಾಕಿದ. ಹೆದ್ದಾರಿಯ ಮೇಲೆ ಲಾರಿಗಳು ಸಾಲಾಗಿ ಹೋಗುತ್ತಿದ್ದವು, ಕನಕಪುರದ ಕಡೆಯ ಬೆಟ್ಟಗಳು ಮಂಜಿನಲ್ಲಿ ತೆಳ್ಳಗೆ ಕಂಡವು. ಅವನಿಗೆ ಅಳು ಬಂತು, ಬಂದದ್ದು ಹಾಗೆಯೇ ಸ್ವಲ್ಪ ಹೊತ್ತು ಹೋಯಿತು. ಇಷ್ಟು ಎತ್ತರದಲ್ಲಿ ಯಾರಿಗೂ ಕಾಣುವುದಿಲ್ಲ ಎಂದು ಆಗಲೂ ಲೆಕ್ಕ ಹಾಕಿದ್ದಕ್ಕೆ ಮ್ಲಾನವಾಗಿ ನಕ್ಕ.

ಆಕೆಯೇ ಅವನನ್ನು ಇಳಿಸಿದಳು, ಒಂದೇ ಸಮನೆ, ಎಲ್ಲಿಯೂ ಜಗ್ಗದ ಹಾಗೆ. ಕಾಲು ನೆಲಕ್ಕೆ ತಾಗಿದಾಗ ಸಿದ್ದಮ್ಮ ಗುಂಡಿನಿಂದ ಇಳಿದು ಬಂದು ನಿಂತಿದ್ದಳು, ಬಾಯಿಗೆ ಸೆರಗು ಒತ್ತಿಕೊಂಡು. ಡಾಕ್ಟರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ತಾನು ಏನಾದರೂ ಹೇಳಬೇಕೆಂದು ಜಯಕುಮಾರ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಆಕೆ ಹೇಳಿದಳು.

"ನಾನು ನೋಡಿದ್ದೆ."

"ಏನು?"

"ನೀವು ಹತ್ತೋಕೆ ಮುಂಚೆ. ಅಂಗಿ ಕೆಳಗೆ ಒಂದೇ ಎಳೆ ಕಾಣ್ತಿತ್ತು, ಎರಡು ಇರಬೇಕಿತ್ತು. ನೋಡಿದೆ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸಿಟ್ಟು ನೆತ್ತಿಗೇರಿತು. ಹಾಯೆನ್ನಿಸುವಂಥ ಸಿಟ್ಟು, ಬಂಡೆಯ ಮೇಲಿಂದ ಇಲ್ಲಿಯ ತನಕ ಅವನಿಗೆ ಬೇಕಾಗಿದ್ದದ್ದೇ ಅದು. "ನೋಡಿ ಸುಮ್ನಿದ್ರಾ? ಮನುಷ್ಯ ಸಾಯ್ತಿದ್ನಲ್ರೀ! ಒಂದ್ ಮಾತು ಯೋಳಕ್ಕಾಗ್ನಿಲ್ವಾ ನಿಮ್ಗೆ?"

"ನಿಮ್ಮ ಕಡೆ ಬೇರೆ ಥರ ಗಂಟು ಇರಬಹುದು ಅಂದ್ಕೊಂಡೆ," ಎಂದಳು. ಆಮೇಲೆ ತಲೆ ಅಲ್ಲಾಡಿಸಿದಳು. "ಇಲ್ಲ. ಹಾಗೇನೂ ಅಂದ್ಕೊಳ್ಳಲಿಲ್ಲ, ಸುಳ್ಳು. ನಿನ್ನೆ ನೀವಿಬ್ರೂ ನಕ್ಕಿದ್ರಲ್ಲ. ಇವತ್ತು ಬೂಟಿನ ವಿಷಯಕ್ಕೆ ಬೈಸಿಕೊಂಡಿದ್ದೆ. ಇನ್ನೊಂದ್ಸಲ ನಗಿಸ್ಕೊಳ್ಳೋಕೆ ನಂಗೆ ಇಷ್ಟ ಇರಲಿಲ್ಲ. ಅಷ್ಟೇ. ಅಷ್ಟಕ್ಕೇ..." ಕನ್ನಡಕ ತೆಗೆದು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡೇ ಅತ್ತಳು.

ಸಿದ್ದಮ್ಮ ಆಕೆಯನ್ನು ಸಮಾಧಾನ ಮಾಡಲು ಹೋಗಲಿಲ್ಲ. ಜಯಕುಮಾರನನ್ನೇ ನೋಡುತ್ತಿದ್ದಳು.

"ಯೋಳಿದ್ರೆ ಕೇಳ್ತಿದ್ದಾ?" ಎಂದಳು.

ಎಷ್ಟು ಸುಲಭದ ಪ್ರಶ್ನೆ. ಕೇಳುತ್ತಿದ್ದೆ ದೊಡ್ಡವ್ವ, ಯಾಕೆ ಕೇಳುತ್ತಿರಲಿಲ್ಲ ಎಂದುಬಿಡಬಹುದಿತ್ತು. ಸತ್ತು ಬದುಕಿ ಬಂದವನ ಮಾತನ್ನು ಯಾರು ಅಲ್ಲಗಳೆಯುತ್ತಾರೆ? ಅವನು ಆ ಗಳಿಗೆಯನ್ನು ನೆನಪಿನಲ್ಲಿ ಮತ್ತೆ ನಿಲ್ಲಿಸಿಕೊಂಡ. ಆಕೆ ಬಾಯಿ ತೆರೆದಿದ್ದಾಳೆ. ಜಯಕುಮಾರ್, ನಿಮ್ಮ ಗಂಟು ಎಂದಿದ್ದಾಳೆ. ಆಗ ಅವನು ಬಗ್ಗಿ ನೋಡುತ್ತಿದ್ದನೆ? ಇಲ್ಲ. ನಗುತ್ತಿದ್ದ, ಸಿದ್ದಮ್ಮನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದ, ನೋಡದೆಯೇ ಹತ್ತುತ್ತಿದ್ದ. ಹತ್ತಿ ಮೂರನೇ ಬೋಲ್ಟು ದಾಟಿ ಕೆಳಗೆ ನೋಡುತ್ತಿದ್ದ. ಆಮೇಲೆ? ಆಕೆ ಮೊದಲೇ ಹೇಳಿದ್ದಿದ್ದರೆ, ಆಕೆ ಹೇಳಿದ್ದೇ ನಿಜವಾಗಿದ್ದಿದ್ದರೆ, ಮೇಲೆ ನಿಂತು ಆ ಮಾತು ಅವನ ಬಾಯಿಂದ ಬರುತ್ತಲೇ ಇರಲಿಲ್ಲ. ಅದು ಅವನಿಗೆ ತನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತಿತ್ತು.

"ಅಳ್ಬ್ಯಾಡಿ ಡಾಕ್ಟ್ರೇ," ಎಂದ. "ನೀವು ಯೋಳ್ದೇ ಇದ್ದದ್ದೇ ಒಳ್ಳೇದಾಯ್ತು."

ಆಕೆ ಮುಖ ಎತ್ತಿದಳು. "ನಿಮ್ಮದು ದೊಡ್ಡ ಮನಸ್ಸು. ಬೇರೆ ಯಾರಾದ್ರೂ ಆಗಿದ್ರೆ..."

"ದೊಡ್ಡ ಮನಸ್ಸಲ್ಲ." ಹಗ್ಗದ ಮಣ್ಣು ಇನ್ನೂ ನಾಲಿಗೆಯ ಮೇಲಿತ್ತು. "ನೀವು ಯೋಳಿದ್ರೆ ನಾನು ನಗ್ತಿದ್ದೆ. ನಕ್ಬುಟ್ಟು ಹತ್ತಿದ್ಮ್ಯಾಲೆ, ಅಲ್ಲಿ ನಿಂತ್ಕೊಂಡು, ನೀವು ಯೋಳಿದ್ದೇ ದಿಟ ಅನ್ನಕ್ಕೆ ನಂಗಾಯ್ತಿರ್ನಿಲ್ಲ. ಬಾಯಿ ಬುಡ್ತಿರ್ನಿಲ್ಲ."

ಆಕೆ ಕನ್ನಡಕ ಹಾಕಿಕೊಂಡಳು. ಅವನನ್ನು ಬಹಳ ಹೊತ್ತು ನೋಡಿದಳು, ಬಾಯಿ ತೆರೆದು ಕೂತವನ ಹಲ್ಲಿನ ಬುಡದಲ್ಲಿ ಏನೋ ಕಂಡ ಡಾಕ್ಟರು ನೋಡುವ ಹಾಗೆ.

"ಬೀಳ್ತಿದ್ರಿ," ಎಂದಳು.

"ಹೂಂ," ಎಂದ ಜಯಕುಮಾರ. "ಬೀಳ್ತಿದ್ದೆ."